ಕಾಲುವೆ ಕೆಳಗಿನ ಟಿವಿ

ಚಹಾದ ಚಟ, ಎಲೆ-ಅಡಿಕೆಯ ಚಟ, ಇಸ್ಪೀಟಿನ ಚಟ ಬಿಟ್ಟವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ‘ನೀವೊಂದ್ಸಲ ಬಂದು ನೋಡಿ ಹೇಳಿಬಿಡ್ರಿ’ ಎಂದು ನಾಲ್ಕು ಮಂದಿಯಿಂದ ಮನೆ ಬಾಗಿಲಲ್ಲಿ ಕರೆಸಿಕೊಳ್ಳುವ ಚಟ ಒಂದಿದೆಯಲ್ಲ, ಅದನ್ನು ಬಿಟ್ಟವರನ್ನು ಇನ್ನೂ ಕಂಡಿಲ್ಲ. ಊರಿಗೊಬ್ಬರು ಇಂಥವರು ಇದ್ದೇ ಇರುತ್ತಾರೆ. ಒಬ್ಬರು ಎತ್ತಿನ ಹಲ್ಲು ನೋಡಿ ಹೇಳುತ್ತಾರೆ, ಒಬ್ಬರು ಬಾವಿ ತೋಡುವ ಜಾಗ ನೋಡಿ ಹೇಳುತ್ತಾರೆ, ಮತ್ತೊಬ್ಬರು ಕನ್ಯೆ ನೋಡಿ ಬಂದು ವರನ ಮನೆಯವರಿಗೆ ಹೇಳುತ್ತಾರೆ. ನಾನು ಟಿವಿ ನೋಡಿ ಹೇಳುತ್ತಿದ್ದೆ. ಟಿವಿ ನೋಡುವುದೆಂದರೆ ಎಲ್ಲರ ಹಾಗೆ ಚಾಪೆ ಹಾಸಿ ಕೂತು ನೋಡುವುದಲ್ಲ. ಕೊಳ್ಳುವ ಮೊದಲು, ಅಂಗಡಿಯಲ್ಲಿ ನಿಂತು, ಒಂದು ಕೈ ಗದ್ದಕ್ಕೆ ಹಚ್ಚಿ, ಚಿತ್ರ ಹೇಗಿದೆ, ಕೇಳಿದ ಬೆಲೆಗೆ ಬಾಳುತ್ತದೆಯೋ ಇಲ್ಲವೋ ಎಂದು ನೋಡುವುದು. ಲಿಂಗಸುಗೂರಿನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನಗೆ ಕಚೇರಿಯ ಕೆಲಸದಲ್ಲಿ ಯಾರೂ ಕೊಡದ ಮರ್ಯಾದೆ ಈ ಕೆಲಸದಲ್ಲಿ ಸಿಗುತ್ತಿತ್ತು.

ಇದು ಶುರುವಾದದ್ದು ಕಪ್ಪು-ಬಿಳುಪು ಟಿವಿಗಳ ಕಾಲದಲ್ಲಿ. ನಮ್ಮ ಕಚೇರಿಯ ಹಿರಿಯ ಗುಮಾಸ್ತರು ವಿರುಪಾಕ್ಷಪ್ಪನವರು ಟಿವಿ ಕೊಳ್ಳಲು ಸಿಂಧನೂರಿಗೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ಸಲಹೆಗಾಗಿ ಅಲ್ಲ, ಬರುವಾಗ ಡಬ್ಬಿಯ ಇನ್ನೊಂದು ಕಡೆ ಹಿಡಿಯಲು ಒಬ್ಬರು ಬೇಕಿತ್ತು. ಅಲ್ಲಿ ಮೆಹಬೂಬಸಾಬರ ಅಂಗಡಿ. ಅವರು ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು, ಆಮೇಲೆ ಟಿವಿ ಮಾರಲು ಹಿಡಿದವರು. ಅಂಗಡಿಯಲ್ಲಿ ನಾಲ್ಕು ಟಿವಿ ಸಾಲಾಗಿ ಹಚ್ಚಿಟ್ಟಿದ್ದರು. ನಾಲ್ಕರಲ್ಲೂ ಒಬ್ಬಳೇ ಹೆಣ್ಣುಮಗಳು ವಾರ್ತೆ ಓದುತ್ತಿದ್ದಳು. ವಿರುಪಾಕ್ಷಪ್ಪನವರು ಒಂದನೆಯದರಿಂದ ನಾಲ್ಕನೆಯದಕ್ಕೆ, ನಾಲ್ಕನೆಯದರಿಂದ ಒಂದನೆಯದಕ್ಕೆ ಓಡಾಡಿ ಬೆವರಿದರು. ಸುಮ್ಮನೆ ನಿಂತಿದ್ದ ನಾನು ಬಾಯಿ ತುರಿಕೆ ತಡೆಯಲಾರದೆ, “ಮೂರನೇದು ತಗೋರಿ. ಅದ್ರಾಗ ಕೂದಲಾ ಬ್ಯಾರೆ, ಕಿವ್ಯಾಗಿನ ಬೆಂಡೋಲಿ ಬ್ಯಾರೆ ಕಾಣಾಕತ್ತೈತಿ. ಉಳದ ಮೂರರಾಗ ಎರಡೂ ಕೂಡಿ ಕರೇ ಮುದ್ದಿ ಆಗ್ಯಾವ” ಎಂದೆ.

ಮೆಹಬೂಬಸಾಬರು ಕನ್ನಡಕ ಹಣೆಗೇರಿಸಿ ಟಿವಿ ನೋಡಿದರು, ನನ್ನನ್ನು ನೋಡಿದರು. “ನಜರ್ ಐತ್ರಿ ಸಾಹೇಬ್ರ ನಿಮಗ. ಈ ದುಕಾನಕ್ಕ ಬಂದವ್ರು ಎಲ್ಲಾರೂ ಡಬ್ಬಿ ದೊಡ್ಡದೋ ಸಣ್ಣದೋ ನೋಡ್ತಾರ, ನೀವು ಒಬ್ರ ಚಿತ್ರ ನೋಡಿದ್ರಿ” ಎಂದರು. ನಜರ್ ಇದೆ ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರರು ನನ್ನ ಪಟ್ಟಿ ಎತ್ತಿ ಹಿಡಿದು, “ಇಂವ ಬೇವಿನ ಗಿಡಕ್ಕ ರಗತದ ಬಣ್ಣ ಬಡದಾನ ನೋಡ್ರಿ” ಎಂದು ಇಡೀ ವರ್ಗವನ್ನು ನಗಿಸಿದ್ದು ಬಿಟ್ಟರೆ ನನ್ನ ಕಣ್ಣಿನ ಬಗ್ಗೆ ಯಾರೂ ಏನೂ ಹೇಳಿದವರಲ್ಲ. ಆ ಮಾಸ್ತರರಿಗೆ ನನ್ನ ಮೇಲೆ ಮೊದಲಿನಿಂದಲೂ ಸಿಟ್ಟು ಎಂದು ನಾನು ತಿಳಿದಿದ್ದೆ.

ವಿರುಪಾಕ್ಷಪ್ಪನವರ ಟಿವಿ ನೋಡಿದವರೆಲ್ಲ ಹೌದೌದು ಎಂದರು. ಅಲ್ಲಿಂದ ಮುಂದೆ ಲಿಂಗಸುಗೂರಿನಲ್ಲಿ ಯಾರು ಟಿವಿ ಕೊಳ್ಳಲು ಹೊರಟರೂ ಮೊದಲು ನನ್ನ ರಜೆ ಯಾವತ್ತು ಎಂದು ವಿಚಾರಿಸುತ್ತಿದ್ದರು. ಬೆಳಿಗ್ಗೆ ಬಸ್ಸು ಹತ್ತುವುದು, ಮಸ್ಕಿಯಲ್ಲಿ ಬಸ್ಸು ನಿಂತಾಗ ಮಿರ್ಚಿ ಮಂಡಕ್ಕಿ, ಸಿಂಧನೂರಿನಲ್ಲಿ ಊಟ, ಬರುವಾಗ ಮಸ್ಕಿಯಲ್ಲಿ ಮತ್ತೆ ಮಿರ್ಚಿ. ಖರ್ಚೆಲ್ಲ ಕೊಳ್ಳುವವರದು. ನಾನು ಕೊಡಬೇಕಾದದ್ದು ಒಂದೇ ಮಾತು: ‘ಸಾಫ್ ಐತಿ’ ಅಥವಾ ‘ಸಾಫ್ ಇಲ್ಲ’. ಈ ಸಾಫ್ ಎಂಬುದರ ಹಿಂದೆ ದೊಡ್ಡ ಶಾಸ್ತ್ರವೇ ಇತ್ತು. ಬಿಳಿ ಯಾವ ಟಿವಿಯಲ್ಲಾದರೂ ಬಿಳಿಯಾಗಿಯೇ ಕಾಣುತ್ತದೆ, ಅದರಲ್ಲೇನೂ ಹೆಚ್ಚುಗಾರಿಕೆ ಇಲ್ಲ. ಕಪ್ಪು ಕಪ್ಪಗೆ ಕಾಣಬೇಕು. ಅಗ್ಗದ ಟಿವಿಯಲ್ಲಿ ಕಪ್ಪು ಬೂದಿಯಾಗಿರುತ್ತದೆ. ಮಳೆ ಬಿದ್ದ ಮರುದಿನದ ಎರೆ ಹೊಲದ ಹಾಗೆ ಕಪ್ಪು ತುಂಬಿಕೊಂಡಿರಬೇಕು, ಆ ಕಪ್ಪಿನೊಳಗೂ ಹೆಂಟೆ ಬೇರೆ, ಸಾಲು ಬೇರೆ ಎಂದು ತಿಳಿಯಬೇಕು. ಅಂಥ ಕಪ್ಪು ಕಂಡರೆ ಬೆಲೆ ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ, ತೆಗೆದುಕೊಳ್ಳಬೇಕು ಎಂದು ನಾನು ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ, ಆ ಮಾತಿನಲ್ಲಿ ತಪ್ಪಿಲ್ಲ.

ನಡುವೆ ಮೂರು ಬಣ್ಣದ ಪ್ಲಾಸ್ಟಿಕ್ ಗಾಜಿನ ಹುಚ್ಚು ಒಂದು ಬಂದಿತ್ತು. ಕಪ್ಪು-ಬಿಳುಪು ಟಿವಿಯ ಮುಂದೆ ಅದನ್ನು ಸಿಗಿಸಿದರೆ ಮೇಲೆ ನೀಲಿ, ನಡುವೆ ಕೆಂಪು, ಕೆಳಗೆ ಹಸಿರು ಕಂಡು ಕಲರ್ ಟಿವಿ ಆಗುತ್ತದೆ ಎಂದು ಜನ ಹಚ್ಚಿದ್ದೇ ಹಚ್ಚಿದ್ದು. ವಿರುಪಾಕ್ಷಪ್ಪನವರೂ ಹಚ್ಚಿ ನನ್ನನ್ನು ಕರೆದು ತೋರಿಸಿದರು. ಮೇಲಿನ ನೀಲಿ ನನಗೂ ಕಂಡಿತು. ಕೆಳಗಿನ ಎರಡು ಪಟ್ಟೆಗಳಿಗೆ ಅಂಥ ವ್ಯತ್ಯಾಸ ಏನು ಎಂದು ತಿಳಿಯಲಿಲ್ಲ. “ಸುಮ್ನ ರೊಕ್ಕ ಹಾಳ್ರಿ, ಎರಡು ಬಣ್ಣಕ್ಕ ಮೂರು ಬಣ್ಣದ ದರ ಹಚ್ಯಾರ” ಎಂದು ಹೇಳಿ ಬಂದೆ. ಅವರು ನನ್ನ ಮುಖವನ್ನೇ ನೋಡಿದರು. ತಜ್ಞರು ಏನೋ ಆಳವಾದದ್ದು ಹೇಳಿದ್ದಾರೆಂದು ಮರುದಿನ ಆ ಗಾಜು ತೆಗೆದು ಅಟ್ಟಕ್ಕೆ ಹಾಕಿದರಂತೆ.

ಇಲ್ಲಿ ನನ್ನ ಹೆಂಡತಿ ನೀಲಮ್ಮನ ವಿಷಯ ಹೇಳಬೇಕು. ಆಕೆಯದು ಮಸ್ಕಿ. ಮಾತು ಕಡಿಮೆ, ಆದರೆ ಆಡಿದ ಮಾತು ಹಿಂದೆ ತೆಗೆದುಕೊಳ್ಳುವ ಪೈಕಿ ಅಲ್ಲ. ಆಕೆಯ ಸೀರೆಗಳೆಲ್ಲ ನೀಲಿ. ತಿಳಿನೀಲಿ, ಕಡುನೀಲಿ, ನೀಲಿಗೆ ಬಿಳಿ ಚುಕ್ಕೆ, ಬಿಳಿಗೆ ನೀಲಿ ಚುಕ್ಕೆ. “ಹೆಸರು ನೀಲಮ್ಮ ಅಂತ ಇಟ್ಟಿದ್ದಕ್ಕ ಸೀರಿನೂ ಬರೇ ನೀಲಿನ ಉಡಬೇಕೇನಲೇ” ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಆಕೆ ನಕ್ಕು ಸುಮ್ಮನಾಗುತ್ತಿದ್ದಳು. ಇನ್ನೊಂದು ಸಂಗತಿಯೂ ನೆನಪಾಗುತ್ತದೆ. ಆಕೆಯ ಮೊದಲ ಕುಬಸದ ಹೊತ್ತಿಗೆ, ಬಸುರಿಗೆ ಹಸಿರು ಬಳೆ ಇಡಿಸುವ ಶಾಸ್ತ್ರಕ್ಕೆ ಬಳೆ ತರಲು ನನ್ನನ್ನು ಕಳಿಸಿದ್ದರು. ನಾನು ಬಳೆಗಾರನ ಬುಟ್ಟಿಯಿಂದ ಎರಡು ಡಜನ್ ಆರಿಸಿ ತಂದೆ. ಪೊಟ್ಟಣ ಬಿಚ್ಚಿದರೆ ನನ್ನ ಅತ್ತೆ ಎದೆ ಬಡಿದುಕೊಂಡರು. ಎಲ್ಲ ಕೆಂಪು ಎಂದರು! ಬಳೆಗಾರ ಮೋಸ ಮಾಡಿದ ಎಂದು ನಾನು ಅರ್ಧ ತಾಸು ಕೂಗಾಡಿದೆ. ನೀಲಮ್ಮ ಮಾತ್ರ ಏನೂ ಹೇಳದೆ, ನನ್ನನ್ನು ಒಂದು ಥರ ನೋಡಿ, ತಮ್ಮನನ್ನು ಕಳಿಸಿ ಬಳೆ ಬದಲಾಯಿಸಿ ತರಿಸಿದಳು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಮ್ಮ ಕಡೆಗೂ ಕಲರ್ ಟಿವಿ ಬಂತು. ನಮ್ಮ ಓಣಿಯಲ್ಲಿ ಯಾರೂ ಇನ್ನೂ ಕೊಂಡಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. “ಅಮರಪ್ಪನೋರು ಯಾವುದು ತರ್ತಾರೋ ನೋಡೂಣು, ಆಮ್ಯಾಲೆ ನಾವು” ಎಂದು ಬಹಿರಂಗವಾಗಿಯೇ ಹೇಳುತ್ತಿದ್ದರು. ಊರವರಿಗೆಲ್ಲ ಟಿವಿ ಆರಿಸಿಕೊಟ್ಟವನು ಸ್ವಂತಕ್ಕೆ ಒಂದು ಆರಿಸುವಾಗ ಎಡವಿದರೆ ಗಳಿಸಿದ ಹೆಸರೆಲ್ಲ ಒಂದೇ ದಿನಕ್ಕೆ ನೀರಪಾಲು. ಕೂಡಿಟ್ಟದ್ದನ್ನೆಲ್ಲ ಒಟ್ಟು ಮಾಡಿ ಹೊರಟ ದಿನ ನೀಲಮ್ಮ ಬಾಗಿಲ ಹತ್ತಿರ ಬಂದು, “ನಾನೂ ಬರ್ಲೇನ್ರಿ? ಈ ಸಲದ್ದು ಬಣ್ಣದ್ದು ಐತಲ್ರಿ” ಎಂದಳು. ಆ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. “ಬಣ್ಣದ್ದಾದ್ರೇನು? ನೋಡೋ ಕಣ್ಣು ಅವೇ ಅಲ್ಲೇನು!” ಎಂದು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಟುಬಿಟ್ಟೆ. “ಅದಕ್ಕ ಹೇಳಿದ್ದು” ಎಂದೇನೋ ಹಿಂದಿನಿಂದ ಕೇಳಿಸಿತು.

ಸಿಂಧನೂರಿನಲ್ಲಿ ಆಗ ಭತ್ತದ ಸುಗ್ಗಿ. ಅಕ್ಕಿ ಗಿರಣಿಗಳ ತೌಡಿನ ಧೂಳು ಗಾಳಿಯಲ್ಲೆಲ್ಲ ಇತ್ತು. ಮೆಹಬೂಬಸಾಬರು ಕುರ್ಚಿ ಒರೆಸಿ ಕೂರಿಸಿದರು, ಚಹಾ ತರಿಸಿದರು. ಅಂಗಡಿಯ ಮುಂಭಾಗದಲ್ಲಿ ಐದು ಕಲರ್ ಟಿವಿ ಉರಿಯುತ್ತಿದ್ದವು. ನಾನು ಗದ್ದಕ್ಕೆ ಕೈ ಹಚ್ಚಿ ಒಂದೊಂದರ ಮುಂದೆಯೂ ನಿಂತೆ. ಒಂದೂ ಮನಸ್ಸಿಗೆ ಬರಲಿಲ್ಲ. ಎಲ್ಲದರಲ್ಲೂ ಚಿತ್ರ ಉಬ್ಬಿಕೊಂಡು, ಅಂಚು ಹರಡಿಕೊಂಡು ಕಾಣುತ್ತಿತ್ತು. ಇನ್ನೇನು ಬರಿಗೈಯಲ್ಲಿ ಹೋಗಬೇಕು ಎನ್ನುವಾಗ ಹಿಂದಿನ ಮೂಲೆಯಲ್ಲಿ, ವೈರು-ಬೆಸುಗೆ ಸಾಮಾನುಗಳ ಮೇಜಿನ ಮೇಲೆ ಒಂಟಿಯಾಗಿ ಉರಿಯುತ್ತಿದ್ದ ಆರನೆಯದು ಕಣ್ಣಿಗೆ ಬಿತ್ತು. ಏನು ಹೇಳಲಿ! ಕಪ್ಪು ಎಂದರೆ ಕಪ್ಪು. ಕೂದಲಿನ ಎಳೆ ಎಣಿಸಬಹುದು. ಗಿಡದ ಎಲೆಗಳ ನಡುವಿನ ನೆರಳು ಕೂಡ ಬಿಡಿಬಿಡಿಯಾಗಿ ಕಾಣುತ್ತಿತ್ತು. ನನಗೆ ಮೈ ಜುಮ್ಮೆಂದಿತು. “ಇದು ಬೇಕು” ಎಂದೆ.

ಮೆಹಬೂಬಸಾಬರು ಚಹಾದ ಬಸಿ ಕೆಳಗಿಟ್ಟರು. “ಅದಾ? ಸಾಹೇಬ್ರ, ಅದು ಬ್ಯಾಡ್ರಿ. ಅದನ್ನ ಹಿಂದಕ ಇಟ್ಟೀನಿ.”

“ಹಿಂದಕ ಯಾಕ ಇಟ್ಟೀರಿ ಅಂತ ನನಗ ಗೊತ್ತಿಲ್ಲೇನು? ಒಳ್ಳೇ ಮಾಲು ಯಾವ ವ್ಯಾಪಾರಿ ಮುಂದ ಇಡ್ತಾನ?”

“ಹಂಗಲ್ರಿ. ಅದ್ರಾಗ ಸ್ವಲ್ಪ ಬಣ್ಣದ್ದು...”

“ಮೆಹಬೂಬಸಾಬ್ರ, ಇಷ್ಟು ವರ್ಷದಾಗ ನಾ ಆರಿಸಿದ್ದು ಒಂದಾದ್ರೂ ವಾಪಸ್ ಬಂದೈತೇನ್ರಿ?”

“ಇಲ್ರಿ.”

“ಮತ್ತ?”

ಅವರು ಇನ್ನೂ ಎರಡು ಸಲ ಬಾಯಿ ತೆರೆದರು. ಎರಡು ಸಲವೂ ನಾನು ಕೈ ಎತ್ತಿ ತಡೆದೆ. ಮೂರನೆಯ ಸಲ ಅವರು ನನ್ನ ಮುಖ ನೋಡಿ, “ಆಗಲ್ರಿ. ದರಾ ಅರ್ಧಕ್ಕ ಹಿಡೀತೀನಿ. ಏನರ ಅನಸಿದ್ರ ಒಂದು ಮಾತು ಹೇಳಿ ಕಳಸ್ರಿ” ಎಂದರು. ಒಳ್ಳೆಯ ಮಾಲನ್ನು ಗುರುತಿಸಿದವನಿಗೆ ವ್ಯಾಪಾರಿ ಸೋತು ಶರಣಾದ ಎಂದು ನಾನು ಒಳಗೊಳಗೇ ಬೀಗಿದೆ. ಬಸ್ಸಿನಲ್ಲಿ ಟಿವಿಗೂ ಒಂದು ಟಿಕೇಟು ತೆಗೆಸಿ, ಕಿಟಕಿಯ ಪಕ್ಕ ಕೂರಿಸಿ, ಮಸ್ಕಿಯಲ್ಲಿ ಮಿರ್ಚಿ ತಿನ್ನಲು ಕೂಡ ಇಳಿಯದೆ ಲಿಂಗಸುಗೂರು ಮುಟ್ಟಿದೆ.

ಮೊದಲ ಸಂಜೆ ಓಣಿಯ ಮಂದಿಯೆಲ್ಲ ನಮ್ಮ ಪಡಸಾಲೆಯಲ್ಲಿ ತುಂಬಿದ್ದರು. ಮುಂದಿನ ಸಾಲಿನಲ್ಲಿ ಎದುರು ಮನೆಯ ಹಂಪಮ್ಮಜ್ಜಿ. ಆಕೆ ಪಾಮನಕಲ್ಲೂರಿನವಳು, ಮಗನಿಗೆ ಇಲ್ಲಿ ನೌಕರಿ ಎಂದು ಬಂದಿದ್ದವಳು. ನಾನು ಊದುಬತ್ತಿ ಹಚ್ಚಿ, ಗುಂಡಿ ಒತ್ತಿದೆ. ವಾರ್ತೆ ಓದುವ ಹೆಣ್ಣುಮಗಳು ಕಾಣಿಸಿಕೊಂಡಳು. ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಬೆರಗಾಗಿದ್ದಾರೆ ಎಂದು ನಾನು ತಿಳಿದೆ. ಬೆರಗಾಗಿದ್ದದ್ದು ನಿಜವೇ. ಕಾರಣ ಮಾತ್ರ ಬೇರೆ. ಅದು ಆಮೇಲೆ ತಿಳಿದದ್ದು. ಆ ಹೆಣ್ಣುಮಗಳ ಮುಖ ಹಸಿರಾಗಿತ್ತಂತೆ. ತುಟಿ ಹಸಿರು, ಕುಂಕುಮ ಕಪ್ಪು, ಹಿಂದಿನ ಗೋಡೆ ನೀರಿನ ಬಣ್ಣ. ಕಲರ್ ಟಿವಿಯನ್ನು ಅದಕ್ಕೂ ಮೊದಲು ಕಂಡವರು ಅಲ್ಲಿ ಯಾರೂ ಇರಲಿಲ್ಲ. ತಂದವನೋ ನಜರ್ ಇರುವ ಅಮರಪ್ಪ. ತಪ್ಪಿದೆ ಎಂದು ಯಾರು ಹೇಳಬೇಕು?

ಕೊನೆಗೆ ಮಾತು ತೆಗೆದವಳು ಹಂಪಮ್ಮಜ್ಜಿ. “ಯಪ್ಪಾ ಅಮರಪ್ಪಾ, ಇದನ್ನ ಎಲ್ಲಿಂದ ತಂದಿ?”

“ಸಿಂಧನೂರಿಂದ, ಅಜ್ಜಿ.”

“ಹಂಗಂದ್ರ ಸೈ! ಕಾಲುವಿ ಕೆಳಗಿನ ಟಿವಿ. ಅದಕ್ಕ ಇಷ್ಟು ಹಚ್ಚಗ ಐತಿ. ನಮ್ಮ ಕಡೆ ಒಣ ಭೂಮ್ಯಾಗಿಂದು ತಂದಿದ್ರ ಇಷ್ಟು ಹಚ್ಚಗ ಎಲ್ಲಿ ಬರ್ತಿತ್ತು?”

ಎಲ್ಲರಿಗೂ ಜೀವ ಬಂದಂತಾಯಿತು. ಹೌದಲ್ಲ, ತುಂಗಭದ್ರೆಯ ಕಾಲುವೆ ನೀರು ಹರಿಯುವ ಊರಿನ ಟಿವಿ ಹಸಿರಾಗಿರದೆ ಇನ್ನೇನು ಬಣ್ಣ ಇರಬೇಕು? ಹಚ್ಚಗಿದೆ ಎಂದದ್ದನ್ನು ನಾನು ತಂಪಾಗಿದೆ, ಚೆಲುವಾಗಿದೆ ಎಂದು ಹೊಗಳಿದ ಹಾಗೆ ತಿಳಿದು, “ಹೌದಜ್ಜಿ, ಕಣ್ಣಿಗೆ ತಂಪು” ಎಂದೆ. ರವಿವಾರ ಬೆಳಗಿನ ಪೌರಾಣಿಕ ಧಾರಾವಾಹಿ ಬಂದಾಗಲಂತೂ ಭಕ್ತಿ ಉಕ್ಕಿ ಹರಿಯಿತು. ದೇವರು ಶ್ಯಾಮಲವರ್ಣದವನು ಎಂದು ಪುರಾಣದಲ್ಲಿಯೇ ಹೇಳಿದೆ. ನಮ್ಮ ಟಿವಿಯಲ್ಲಿ ದೇವರ ಜೊತೆಗೆ ರಾಕ್ಷಸರೂ, ದಾಸಿಯರೂ, ಕುದುರೆಗಳೂ ಶ್ಯಾಮಲವರ್ಣವಾಗಿದ್ದವು. “ಎಲ್ಲಾರೊಳಗೂ ದೇವ್ರು ಅದಾನ ಅಂತಾರಲ್ಲ, ಇದ ನೋಡ್ರಿ” ಎಂದು ಹಂಪಮ್ಮಜ್ಜಿ ಕೈ ಮುಗಿದಳು. ನೀಲಮ್ಮ ಸೆರಗು ಬಾಯಿಗೆ ಹಿಡಿದು ಅಡುಗೆಮನೆಗೆ ಎದ್ದು ಹೋದಳು. ಭಕ್ತಿಯಿಂದ ಕಣ್ಣೀರು ಬಂದಿರಬೇಕು ಎಂದುಕೊಂಡೆ.

ಇಲ್ಲಿಗೆ ನಿಂತಿದ್ದರೆ ಚಿಂತೆಯಿರಲಿಲ್ಲ. ಆದರೆ ನಮ್ಮ ಓಣಿಯಿಂದ ಇಬ್ಬರು, ವಿರುಪಾಕ್ಷಪ್ಪನವರು ಒಬ್ಬರು, ಹೀಗೆ ಮೂವರು ಒಬ್ಬರ ಹಿಂದೆ ಒಬ್ಬರು ಸಿಂಧನೂರಿಗೆ ಹೋದರು. ಮೆಹಬೂಬಸಾಬರ ಅಂಗಡಿಯಲ್ಲಿ ನಿಂತು, “ಅಮರಪ್ಪನೋರ ಮನ್ಯಾಗಿನಂಥದ್ದು, ಹಚ್ಚಗ ಕಾಣೋದು ಕೊಡ್ರಿ” ಎಂದು ಕೇಳಿದರು. ಮುಂಭಾಗದ ಟಿವಿಗಳನ್ನು ತೋರಿಸಿದರೆ, “ಇವೆಲ್ಲಾ ಒಣಗ್ಯಾವ್ರಿ, ಕಾಲುವಿ ಕೆಳಗಿಂದು ಬೇಕು” ಎಂದು ಹಟ ಹಿಡಿದರು. ಒಬ್ಬರಂತೂ ದರ ಹೆಚ್ಚು ಕೊಡಲೂ ತಯಾರಿದ್ದರಂತೆ. ಮೆಹಬೂಬಸಾಬರು ತಲೆ ಮೇಲೆ ಕೈ ಹೊತ್ತರು. ಸುಳ್ಳು ಹೇಳಿ ಮಾರುವ ಮನುಷ್ಯ ಅವರಲ್ಲ. ಖರೇ ಹೇಳಿದರೆ ನನ್ನ ಮಾನ ಹೋಗುತ್ತದೆ. ಸ್ಟಾಕ್ ಇಲ್ಲ ಎಂದು ಮೂವರನ್ನೂ ಮರಳಿ ಕಳಿಸಿದರು.

ಅದೇ ವಾರ ಒಂದು ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಬಂದರೆ ಪಡಸಾಲೆಯಲ್ಲಿ ಮೆಹಬೂಬಸಾಬರು ಕೂತಿದ್ದಾರೆ, ಪಕ್ಕದಲ್ಲಿ ಚರ್ಮದ ಚೀಲ. ನೀಲಮ್ಮ ಅವರಿಗೆ ಮಜ್ಜಿಗೆ ಕೊಟ್ಟಿದ್ದಳು. ಸಿಂಧನೂರಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿ ಅವರನ್ನು ಕರೆಸಿದವಳು ಆಕೆಯೇ ಎಂದು ಆಮೇಲೆ ತಿಳಿಯಿತು.

“ಸಾಹೇಬ್ರ, ಮಾಫ್ ಮಾಡ್ರಿ,” ಮೆಹಬೂಬಸಾಬರು ತಲೆ ತಗ್ಗಿಸಿ ಹೇಳಿದರು. “ಈ ಟಿವ್ಯಾಗ ಕೆಂಪು ಸತ್ತೈತ್ರಿ. ಅದನ್ನ ನಾ ರಿಪೇರಿಗಂತ ಹಿಂದಕ ಇಟ್ಟಿದ್ದೆ. ನೀವು ಬಿಡಲಿಲ್ಲ. ನಿಮ್ಮ ನಜರ್ ಮುಂದ ನನ್ನ ಮಾತು ನಡೀಲಿಲ್ಲ.”

“ಕೆಂಪು ಸತ್ತೈತಿ ಅಂದ್ರ?”

“ಮಂದೀ ಮಾರಿ ಎಲ್ಲಾ ಹಸರ ಕಾಣ್ತಾವ್ರಿ.”

“ಯಾರು ಹೇಳಿದ್ರು? ನನಗ ಚಂದ ಕಾಣಾಕತ್ತಾವ!” ಎಂದು ನಾನು ದನಿ ಏರಿಸಿದೆ. ಒಂದೇ ಮಾತಿಗೆ ನನ್ನ ಇಷ್ಟು ವರ್ಷದ ಹೆಸರು ತೆಗೆಯಲು ಬಂದಿದ್ದಾರಲ್ಲ ಎನ್ನಿಸಿತು. ಆಗ ನೀಲಮ್ಮ ಒಳಗಿನಿಂದ ಮೊರ ತಂದು ನನ್ನ ಮುಂದಿಟ್ಟಳು. ಅದರ ತುಂಬ ಅಂದೇ ಸಂತೆಯಿಂದ ತಂದ ಹಸಿ ಮೆಣಸಿನಕಾಯಿ. ಅರ್ಧ ಕಾಯಿ, ಅರ್ಧ ಹಣ್ಣು.

“ಜಗಳ ಬ್ಯಾಡ್ರಿ. ಇದ್ರಾಗ ಹಸರಾವು ಒಂದ್ಕಡೆ, ಕೆಂಪಾವು ಒಂದ್ಕಡೆ ಆರಿಸಿಕೊಡ್ರಿ. ಕುಟ್ಟಿ ಕೆಂಪು ಚಟ್ನಿ ಮಾಡಬೇಕು” ಎಂದಳು.

ಇದೇನು ಮಹಾ ಎಂದು ಕೂತೆ. ಒಂದು ಕೈಗೆತ್ತಿಕೊಂಡೆ. ಇನ್ನೊಂದು ಎತ್ತಿಕೊಂಡೆ. ಸ್ವಲ್ಪ ಕಪ್ಪಗಿದ್ದದ್ದನ್ನು ಎಡಕ್ಕೆ, ಸ್ವಲ್ಪ ಬೆಳ್ಳಗಿದ್ದದ್ದನ್ನು ಬಲಕ್ಕೆ ಹಾಕುತ್ತ ಹೋದೆ. ಮುಗಿಸಿ ಎದೆಯುಬ್ಬಿಸಿ ತಲೆಯೆತ್ತಿದರೆ ಮೆಹಬೂಬಸಾಬರು ಗೋಡೆಯ ಕಡೆ ತಿರುಗಿ ಕೂತಿದ್ದರು. ಅವರ ಹೆಗಲು ಕುಲುಕುತ್ತಿತ್ತು. ನೀಲಮ್ಮ ನಗಲಿಲ್ಲ. ಎರಡೂ ಗುಂಪನ್ನು ನನ್ನ ಮುಂದೆಯೇ ಕೈಯಿಂದ ಕಲಸಿ, ತಾನೇ ಬೇರೆ ಮಾಡಿ ತೋರಿಸಿದಳು. ಆಕೆ ಬೇರೆ ಮಾಡಿದ ಮೇಲೂ ನನಗೆ ಎರಡು ಗುಂಪು ಯಾಕಾದವು ಎಂದು ತಿಳಿಯಲಿಲ್ಲ. ಬೇವಿನ ಗಿಡ, ಮೂರು ಬಣ್ಣದ ಗಾಜು, ಕುಬಸದ ಬಳೆ, ಎಲ್ಲ ಒಂದೇ ಸಲಕ್ಕೆ ತಲೆಯೊಳಗೆ ಬಂದು ನಿಂತವು. ಆ ಚಿತ್ರಕಲೆಯ ಮಾಸ್ತರರೂ, ಬೈಸಿಕೊಂಡ ಬಳೆಗಾರನೂ ಎಲ್ಲಿದ್ದಾರೋ, ಅವರ ಕ್ಷಮೆ ಕೇಳಬೇಕು ಎನ್ನಿಸಿತು.

“ನಿನಗ ಯಾವಾಗಿಂದ ಗೊತ್ತು?” ಎಂದೆ.

“ಲಗ್ನ ಆಗಿ ಎರಡನೇ ತಿಂಗಳಿಂದ. ತವರುಮನಿ ಹಸರು ಸೀರಿ ಉಟ್ಟು ಹ್ಯಾಂಗ ಕಾಣ್ತೀನ್ರಿ ಅಂತ ಕೇಳಿದ್ದೆ. ‘ಈ ಕೆಂಪು ನಿನಗ ಭಾಳ ಒಪ್ತದ’ ಅಂದ್ರಿ. ಮೊದಲು ಚೇಷ್ಟಿ ಅಂದ್ಕೊಂಡೆ. ಬಳಿ ತಂದ ದಿನ ಪಕ್ಕಾ ಆತು.”

“ಹೇಳಬಾರದಾಗಿತ್ತೇನು? ಟಿವಿ ತಂದ ದಿನಾನರ ಹೇಳಬೇಕಿತ್ತು!”

“ಹೇಳಾಕ ಬಾಯಿಗೆ ಬಂದಿತ್ರಿ. ಆದ್ರ ಅವತ್ತು ನಿಮ್ಮ ಮಾರಿ ನೋಡಿದೆ. ಇಡೀ ಓಣಿ ಮಂದಿ ಕೂತಾರ, ನೀವು ಊದಿನಕಡ್ಡಿ ಹಚ್ಚಾಕತ್ತೀರಿ. ಆ ಮಾರಿ ಮ್ಯಾಲಿನ ಕಳಾ ನಾ ಹ್ಯಾಂಗ ಆರಿಸ್ಲಿ? ಮೂರು ಮಂದಿ ಹಸರು ಟಿವಿ ಬೇಕಂತ ಹೊಂಟ ಮ್ಯಾಲೆ ಮಾತ್ರ ಸುಮ್ನಿರಾಕ ಆಗಲಿಲ್ಲ.”

ಇಷ್ಟು ಹೊತ್ತಿಗೆ ಮೆಹಬೂಬಸಾಬರು ಚೀಲ ಬಿಚ್ಚಿ, ಟಿವಿಯ ಬೆನ್ನು ತೆಗೆದು, ಏನನ್ನೋ ಕಿತ್ತು ಏನನ್ನೋ ಬೆಸೆಯಲು ಶುರು ಮಾಡಿದ್ದರು. ಟಿವಿಯ ಹಿಂದಿನಿಂದಲೇ ಮಾತಾಡಿದರು: “ಸಾಹೇಬ್ರ, ಒಂದು ಮಾತು ಖರೇ ಹೇಳ್ತೀನಿ. ಕೆಂಪು ಒಂದು ಬಿಟ್ರ ಈ ಪೀಸಿನಷ್ಟು ಚಲೋ ಚಿತ್ರ ನನ್ನ ದುಕಾನಿನಾಗ ಇನ್ನೊಂದು ಇರಲಿಲ್ಲ. ಎಲ್ಲಾರೂ ಬಣ್ಣಕ್ಕ ಮರುಳಾಗಿ ಚಿತ್ರ ನೋಡೂದ ಮರೀತಾರ. ನಿಮಗ ಬಣ್ಣದ ಕಾಟ ಇಲ್ಲ. ಅದಕ್ಕ ನೆಳ್ಳು-ಬೆಳಕು ನಿಮಗ ಕಂಡಂಗ ನಮಗ ಕಾಣೂದಿಲ್ಲ.” ನನ್ನನ್ನು ಸಮಾಧಾನ ಮಾಡಲು ಹೇಳಿದರೋ, ನಿಜವಾಗಿ ಹೇಳಿದರೋ ತಿಳಿಯದು. ಆದರೆ ಇಂಥ ಹೊತ್ತಿನಲ್ಲಿ ಇಂಥ ಮಾತು ಆಡುವ ವ್ಯಾಪಾರಿ ಎಲ್ಲಿ ಸಿಗುತ್ತಾನೆ? ನನ್ನ ಕಣ್ಣು ಒದ್ದೆಯಾದವು. ಎದುರಿಗೆ ಮೆಣಸಿನಕಾಯಿ ಇದ್ದದ್ದರಿಂದ ಕಾರಣ ಹೇಳಲು ಅನುಕೂಲವಾಯಿತು.

ಸಂಜೆ ಎಂದಿನಂತೆ ಮಂದಿ ಕೂಡಿದರು. ಗುಂಡಿ ಒತ್ತಿದೆ. ನನಗೇನೋ ನಿನ್ನೆಗೂ ಇವತ್ತಿಗೂ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ಪಡಸಾಲೆಯಲ್ಲಿ ಮಾತ್ರ ಗದ್ದಲವೆದ್ದಿತು. “ಅಯ್ಯ, ಇದೇನಾತ್ರಿ! ಮಾರಿ ಎಲ್ಲಾ ಕೆಂಪಗಾಗ್ಯಾವ!” ಎಂದು ಹಿಂದಿನ ಸಾಲಿನವರು ಎದ್ದು ನಿಂತರು. ವಿರುಪಾಕ್ಷಪ್ಪನವರು ನನ್ನ ಕಡೆ ತಿರುಗಿ, “ಟಿವಿ ಕೆಟ್ಟೈತೇನ್ರಿ ಅಮರಪ್ಪನೋರ?” ಎಂದು ಕೇಳಿದರು. ಈಗ ಎಲ್ಲವನ್ನೂ ಹೇಳಿ ತಲೆ ತಗ್ಗಿಸುವುದೊಂದೇ ದಾರಿ ಎಂದು ನಾನು ಎದ್ದು ನಿಂತೆ. ಬಾಯಿ ತೆರೆಯುವಷ್ಟರಲ್ಲಿ ಹಂಪಮ್ಮಜ್ಜಿ ಗದರಿದಳು.

“ಕೆಡೂದು ಏನು ಕೆಡ್ತದ? ಇಷ್ಟೂ ತಿಳೀದೇನು ನಿಮಗ? ಸುಗ್ಗಿ ಮುಗದೈತಿ, ಕಾಲುವಿ ನೀರು ನಿಂದ್ರಿಸ್ಯಾರ. ಅದಕ್ಕ ಹಸರು ಹೋಗಿ ಮಾರಿಗೆ ಬಿಸಲು ಬಡದೈತಿ. ನೀರು ಬಿಡ್ಲಿ, ಮತ್ತ ಹಚ್ಚಗ ಆಗ್ತದ.”

ಎಲ್ಲರೂ ತಲೆಯಾಡಿಸಿದರು. ನಾನು ನೀಲಮ್ಮನ ಕಡೆ ನೋಡಿದೆ. ಆಕೆ ಬೇಡ ಎನ್ನುವಂತೆ ಕಣ್ಣಲ್ಲೇ ಸನ್ನೆ ಮಾಡಿದಳು. ಎದ್ದವನು ಊದಿನಕಡ್ಡಿಯನ್ನು ಸರಿಮಾಡಿ ಕೂತೆ. ಮುಂದಿನ ಹಂಗಾಮಿಗೆ ನೀರು ಬಿಟ್ಟಾಗ ಟಿವಿ ಹಸಿರಾಗಲಿಲ್ಲ, ನಿಜ. ಅಷ್ಟರಲ್ಲಿ ಓಣಿಯ ಕಣ್ಣು ಕೆಂಪಿಗೆ ಹೊಂದಿಕೊಂಡಿತ್ತು, ಯಾರೂ ಕೇಳಲಿಲ್ಲ. ಹಂಪಮ್ಮಜ್ಜಿ ಮಾತ್ರ ಈ ಸಲ ಕಾಲುವೆಗೆ ನೀರು ಸಾಲದು ಎಂದು ನೀರಾವರಿಯವರನ್ನು ಬೈದಳು.

ತೊಂಬತ್ತರ ದಶಕದ ತುಂಬ ನಾನು ಟಿವಿ ನೋಡಿ ಹೇಳುವ ಕೆಲಸ ಬಿಡಲಿಲ್ಲ. ಆದರೆ ಸಿಂಧನೂರಿಗೆ ಒಬ್ಬನೇ ಹೋಗಲಿಲ್ಲ. ಅಂಗಡಿಯಲ್ಲಿ ನಾನು ಗದ್ದಕ್ಕೆ ಕೈ ಹಚ್ಚಿ ನಿಲ್ಲುತ್ತಿದ್ದೆ. ನೀಲಮ್ಮ ನನ್ನ ಹಿಂದೆ ನಿಲ್ಲುತ್ತಿದ್ದಳು. ಬಣ್ಣ ಸರಿಯಿದ್ದರೆ ಕೆಮ್ಮುತ್ತಿರಲಿಲ್ಲ, ಸರಿಯಿಲ್ಲದಿದ್ದರೆ ಒಮ್ಮೆ ಕೆಮ್ಮುತ್ತಿದ್ದಳು. ಆ ಕೆಮ್ಮಿನ ಮರ್ಮ ಮೆಹಬೂಬಸಾಬರಿಗೆ ಒಬ್ಬರಿಗೇ ಗೊತ್ತಿತ್ತು. ಅವರು ‘ಅಕ್ಕನವ್ರಿಗೆ ಬಿಸಿನೀರು ಕೊಡ್ರಿ’ ಎಂದು ಕೂಗಿ ಹೇಳುತ್ತಿದ್ದರು. ನನ್ನ ಹೆಸರು ಮೊದಲಿಗಿಂತ ದೊಡ್ಡದಾಯಿತು. ಆ ಹೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಕೆಯದು.

ಹಾಗೆ ಹೋಗಿ ಬರುವಾಗ ಒಮ್ಮೆ ಮಸ್ಕಿಯಲ್ಲಿ ಬಸ್ಸು ಇಳಿದು ಆಕೆಯನ್ನು ಬಟ್ಟೆಯಂಗಡಿಗೆ ಕರೆದುಕೊಂಡು ಹೋದೆ. “ನಿನಗ ಖರೇ ಯಾವ ಬಣ್ಣ ಸೇರ್ತದ?” ಎಂದು ಕೇಳಿದೆ. ಕೇಳಲು ಇಷ್ಟು ವರ್ಷ ಹಿಡಿಯಿತು.

“ಕೆಂಪು” ಎಂದಳು.

“ಮತ್ತ ಇಷ್ಟು ವರ್ಷ ಬರೇ ನೀಲಿ ಯಾಕ ಉಟ್ಟಿ?”

“ನಿಮಗ ನೀಲಿ ಒಂದು ಸರಿಯಾಗಿ ಕಾಣ್ತಿತ್ತಲ್ರಿ. ನೀವು ಚಂದ ಕಾಣ್ತಿ ಅಂದದ್ದು ಖರೇ ಇರ್ಲಿ ಅಂತ.”

ಹೆಸರಿನ ಮೇಲೆ ಚೇಷ್ಟೆ ಮಾಡಿದ್ದಕ್ಕೆಲ್ಲ ಅವತ್ತು ನನಗೆ ನಾಚಿಕೆಯಾಯಿತು. ಟಿವಿಯ ಕಪ್ಪಿನೊಳಗೆ ಹೆಂಟೆ ಬೇರೆ, ಸಾಲು ಬೇರೆ ಎಂದು ಗುರುತಿಸುತ್ತಿದ್ದವನಿಗೆ ಒಂದೇ ಮನೆಯಲ್ಲಿದ್ದ ಆಕೆಯ ಮನಸ್ಸು ಕಂಡಿರಲಿಲ್ಲ. ಆಕೆ ಅಂಗಡಿಯಲ್ಲಿ ತಾನೇ ಒಂದು ಸೀರೆ ಆರಿಸಿದಳು. ಕೆಂಪು ಎಂದಳು, ನಾನು ಹೌದು ಎಂದೆ. ಆಮೇಲೆ ಅಂಥವು ಇನ್ನೂ ನಾಲ್ಕಾರು ಮನೆಗೆ ಬಂದಿವೆ. ಅವೆಲ್ಲ ಕೆಂಪೇ ಎಂದು ಆಕೆ ಹೇಳುತ್ತಾಳೆ. ನನ್ನ ಮೇಲೆ ಸಿಟ್ಟು ಬಂದ ದಿನ ಹಸಿರು ಉಟ್ಟುಕೊಂಡು ಬಂದು, ‘ಈ ಕೆಂಪು ಸೀರಿ ಹ್ಯಾಂಗ ಕಾಣ್ತದ್ರಿ’ ಎಂದು ಕೇಳುತ್ತಾಳೋ ಏನೋ, ಪರೀಕ್ಷಿಸಲು ನನ್ನ ಹತ್ತಿರ ಯಾವ ಉಪಾಯವೂ ಇಲ್ಲ. ಹಾಗಾಗಿ ಎರಡಕ್ಕೂ ಸಲ್ಲುವ ಒಂದೇ ಉತ್ತರ ಇಟ್ಟುಕೊಂಡಿದ್ದೇನೆ. ಗದ್ದಕ್ಕೆ ಕೈ ಹಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತು, “ಸಾಫ್ ಐತಿ” ಎನ್ನುತ್ತೇನೆ.